ಲ್ಯಾಮಿಂಗ್ಟನ್ ರೋಡಿನ ಸಾಮಾನು, ನಮ್ಮದೇ ಕಂಪ್ಯೂಟರ್

ಕೇಳುಗರೇ, ನಮಸ್ಕಾರ.

ಡೊಂಬಿವಲಿಯಲ್ಲೋ ಮಾಟುಂಗಾದಲ್ಲೋ ಇರುವ ನಮ್ಮವರ ಮನೆಗಳಲ್ಲಿ ಈಗ ಈ ಮಾತು ಕೇಳಿಬರುವುದುಂಟು. ಹತ್ತನೆಯದು ಮುಗಿಸಿದ ಮಗಳು ಬಂದು, "ಪಪ್ಪಾ, ರೆಡಿಮೇಡ್ ಕಂಪ್ಯೂಟರ್ ಬೇಡ. ಬಿಡಿ ಸಾಮಾನು ತಂದು ನಾನೇ ಜೋಡಿಸ್ತೇನೆ" ಅನ್ನುತ್ತಾಳೆ. ಅಪ್ಪನಿಗೆ ಗಾಬರಿ. ಅಷ್ಟು ದುಡ್ಡಿನ ಸಾಮಾನು ಹಾಳಾದರೆ?

ಹೆದರಬೇಡಿ ಅಂತೀನಿ ನಾನು. ಒಂದು ಸ್ಟಾರ್ ಸ್ಕ್ರೂಡ್ರೈವರ್ ಮತ್ತು ಒಂದು ಮಧ್ಯಾಹ್ನ ಇದ್ದರೆ ಜೋಡಿಸಬಹುದು. ಪೆಟ್ಟು ಬೀಳುವುದು ಸಾಮಾನ್ಯವಾಗಿ ಅಂಗಡಿಯಲ್ಲೇ, ಕೊಳ್ಳುವಾಗ.

ಮುಂಬೈಯಲ್ಲಿ ಇದಕ್ಕೆ ಊರಿಗೆಲ್ಲ ಗೊತ್ತಿರುವ ಜಾಗ ಲ್ಯಾಮಿಂಗ್ಟನ್ ರೋಡ್. ಬೋರ್ಡಿನ ಮೇಲೆ ಡಾ. ಭಡಕಮ್ಕರ್ ಮಾರ್ಗ ಅಂತಿದೆ, ಆದರೆ ಟ್ಯಾಕ್ಸಿಯವರಿಗೆ ಹಳೇ ಹೆಸರೇ ಸಾಕು. ಗ್ರಾಂಟ್ ರೋಡ್ ಸ್ಟೇಷನ್ನಿನಲ್ಲಿ ಇಳಿದು ಪೂರ್ವಕ್ಕೆ ನಡೆದರೆ ಆಯಿತು. ಭಾನುವಾರ ಮಾತ್ರ ಹೋಗಬೇಡಿ, ಬಹಳಷ್ಟು ಅಂಗಡಿ ಮುಚ್ಚಿರುತ್ತವೆ.

ಅಂಗಡಿ ಹತ್ತುವ ಮೊದಲು ಒಂದು ಪಟ್ಟಿ ಕೈಯಲ್ಲಿರಲಿ. ಯಾವ ಕೆಲಸಕ್ಕೆ ಅನ್ನುವುದು ಮೊದಲು. ಓದು, ಲೆಕ್ಕಪತ್ರ, ಸಿನಿಮಾ ಇಷ್ಟಕ್ಕಾದರೆ ಪರದೆಗೆ ಚಿತ್ರ ಕೊಡುವ ಗ್ರಾಫಿಕ್ಸ್ ಕಾರ್ಡ್ ಬೇರೆ ಬೇಕಿಲ್ಲ. ಆದರೆ ಪ್ರೊಸೆಸರ್, ಅಂದರೆ ಲೆಕ್ಕವೆಲ್ಲ ಮಾಡುವ ಮುಖ್ಯ ಚಿಪ್, ಅದರ ಒಳಗೇ ಗ್ರಾಫಿಕ್ಸ್ ಇರಬೇಕು. ಇಂಟೆಲ್ ಪ್ರೊಸೆಸರಿನ ನಂಬರಿನ ಕೊನೆಗೆ ಎಫ್ ಅಕ್ಷರ ಇದ್ದರೆ ಒಳಗೆ ಗ್ರಾಫಿಕ್ಸ್ ಇಲ್ಲ ಅಂತ. ಅಂಥ ಪ್ರೊಸೆಸರ್ ಸ್ವಲ್ಪ ಅಗ್ಗ ಸಿಗುತ್ತದೆ, ತಂದು ಜೋಡಿಸಿದರೆ ಪರದೆ ಕಪ್ಪಗೇ ಇರುತ್ತದೆ.

ಆಮೇಲೆ ಪ್ರೊಸೆಸರ್‌ಗೂ ಮದರ್‌ಬೋರ್ಡ್‌ಗೂ ಸಾಕೆಟ್ ಹೊಂದಬೇಕು. ಮದರ್‌ಬೋರ್ಡ್ ಅಂದರೆ ಎಲ್ಲ ಸಾಮಾನು ಕೂರುವ ದೊಡ್ಡ ಹಲಗೆ, ಸಾಕೆಟ್ ಅಂದರೆ ಅದರಲ್ಲಿ ಪ್ರೊಸೆಸರ್ ಕೂರುವ ಜಾಗ. ಎಎಂಡಿ ಕಂಪನಿಯ ಪ್ರೊಸೆಸರಿನಲ್ಲಿ ಎಎಂ4 ಸಾಕೆಟ್ ಬೇರೆ, 2022ರಲ್ಲಿ ಬಂದ ಎಎಂ5 ಬೇರೆ. ಒಂದರದ್ದು ಇನ್ನೊಂದಕ್ಕೆ ಕೂರುವುದಿಲ್ಲ. ರ‍್ಯಾಮ್ (ಕೆಲಸದ ಹೊತ್ತಿನ ನೆನಪಿನ ಪಟ್ಟಿ) ಕೂಡ ಹಾಗೇ. ಡಿಡಿಆರ್4, ಡಿಡಿಆರ್5 ಅನ್ನುವ ಎರಡು ತಲೆಮಾರು ನೋಡಲು ಒಂದೇ ತರಹ ಇದ್ದರೂ ಕಚ್ಚಿನ ಜಾಗ ಬೇರೆ.

ಇನ್ನು ಎಸ್‌ಎಂಪಿಎಸ್, ಅಂದರೆ ಕರೆಂಟ್ ಕೊಡುವ ಡಬ್ಬ. ಎಲ್ಲವನ್ನೂ ತುಂಬುವ ಹೊರಪೆಟ್ಟಿಗೆಗೆ ಕ್ಯಾಬಿನೆಟ್ ಅನ್ನುತ್ತಾರೆ. "ಕ್ಯಾಬಿನೆಟ್ ತಗೊಳ್ಳಿ, ಎಸ್‌ಎಂಪಿಎಸ್ ಫ್ರೀ" ಅಂದರೆ ಅಲ್ಲೇ ಬೇಡ ಅನ್ನಿ. ಮೇಲೆ 450 ವಾಟ್ ಅಂತ ಚೀಟಿ ಅಂಟಿಸಿದ ಮಾತ್ರಕ್ಕೆ ಅದು ಅಷ್ಟು ಕೊಡುತ್ತದೆ ಅಂತಲ್ಲ. ಒಳ್ಳೆಯ ಕಂಪನಿಯದ್ದು, 80 ಪ್ಲಸ್ (ಕರೆಂಟು ಪೋಲಾಗುವುದು ಕಡಿಮೆ ಅನ್ನುವ) ಗುರುತು ಇರುವುದು ತಗೊಳ್ಳಿ. ಬಣ್ಣಬಣ್ಣದ ಲೈಟಿನ ಫ್ಯಾನು ಬಿಟ್ಟಾದರೂ ಇದಕ್ಕೆ ದುಡ್ಡು ಹಾಕಿ.

ಬಿಲ್ಲಿಲ್ಲದೆ ಕಡಿಮೆಗೆ ಕೊಡುತ್ತೇನೆ ಅನ್ನುವವರೂ ಸಿಗುತ್ತಾರೆ. ಜಿಎಸ್‌ಟಿ ಶೇ. 18, ಆಸೆ ಆಗುವುದು ಸಹಜ. ಆದರೂ ಪಕ್ಕಾ ಬಿಲ್ಲೇ ಕೇಳಿ, ಸೀರಿಯಲ್ ನಂಬರ್ ಅದರಲ್ಲಿ ಬರೆಸಿ. ಪ್ರೊಸೆಸರ್ ಡಬ್ಬದಲ್ಲಿರುವುದೇ ಬೇಕು. ಅದಕ್ಕೆ ಕಂಪನಿಯ 3 ವರ್ಷದ ವಾರಂಟಿ ಇದೆ. ಬಿಡಿಯಾಗಿ ಬರುವ ಟ್ರೇ ಪೀಸಿಗೆ ಅಂಗಡಿಯವರ ಮಾತೇ ಗತಿ.

ಮನೆಗೆ ಬಂದಿರಿ. ಮದರ್‌ಬೋರ್ಡನ್ನು ಅದರ ರಟ್ಟಿನ ಡಬ್ಬದ ಮೇಲೆಯೇ ಇಡಿ. ಈಗ ಪ್ರೊಸೆಸರ್. ಇಂಟೆಲ್‌ನಲ್ಲೂ ಎಎಂ5ನಲ್ಲೂ ಪಿನ್ನುಗಳಿರುವುದು ಸಾಕೆಟ್ಟಿನಲ್ಲಿ, ಕೂದಲಿನಷ್ಟು ಸಣ್ಣ ಪಿನ್ನುಗಳು. ಪ್ರೊಸೆಸರಿನ ಒಂದು ಮೂಲೆಯಲ್ಲಿ ಪುಟ್ಟ ಚಿನ್ನದ ಬಣ್ಣದ ತ್ರಿಕೋನ ಇರುತ್ತದೆ, ಸಾಕೆಟ್ಟಿನಲ್ಲೂ ಅಂಥದೇ ಗುರುತು. ಎರಡನ್ನೂ ಹೊಂದಿಸಿ, ಅಂಚು ಹಿಡಿದು ನೇರವಾಗಿ ಇಟ್ಟು ಕೈ ಬಿಡಿ. ಒತ್ತಬೇಡಿ, ಜರುಗಿಸಬೇಡಿ. ಪಿನ್ನು ಬಾಗಿದರೆ ವಾರಂಟಿ ಸಿಗುವುದು ಕಷ್ಟ. ಸಾಕೆಟ್ಟಿನ ಪಕ್ಕದ ಸರಳು ಬಗ್ಗಿಸಿ ಬಿಗಿ ಮಾಡುವಾಗ ಕಿರ್ ಅನ್ನುತ್ತದೆ, ಸ್ವಲ್ಪ ಬಲ ಬೇಕಾಗುತ್ತದೆ, ಅದು ಸರಿಯೇ. ಮೇಲಿನ ಕಪ್ಪು ಪ್ಲಾಸ್ಟಿಕ್ ಮುಚ್ಚಳ ತಾನಾಗೇ ಎದ್ದು ಬರುತ್ತದೆ. ಬೋರ್ಡನ್ನು ವಾರಂಟಿಗೆ ಕಳಿಸುವಾಗ ಅದು ಬೇಕು, ಎತ್ತಿಡಿ.

ರ‍್ಯಾಮ್ ಇದಕ್ಕೆ ಪೂರಾ ಉಲ್ಟಾ. ಅಲ್ಲಿ ಬೋರ್ಡ್ ಬಾಗುತ್ತದೇನೋ ಅನ್ನುವಷ್ಟು ಒತ್ತಬೇಕು, ಟಕ್ ಅನ್ನಬೇಕು. ನಾಲ್ಕು ಸ್ಲಾಟ್ ಇದ್ದು ಎರಡು ಪಟ್ಟಿ ತಂದಿದ್ದರೆ, ಸಾಮಾನ್ಯವಾಗಿ ಪ್ರೊಸೆಸರ್ ಕಡೆಯಿಂದ 2ನೆಯದು ಮತ್ತು 4ನೆಯದಕ್ಕೆ ಹಾಕಿ. ಪ್ರೊಸೆಸರ್ ಮೇಲೆ ಕೂತು ತಂಪು ಮಾಡುವ ಕೂಲರಿನ ತಳಕ್ಕೆ, ಶಾಖ ದಾಟಿಸುವ ಪೇಸ್ಟ್ ಮೊದಲೇ ಬಳಿದಿದ್ದರೆ ಮತ್ತೆ ಹಚ್ಚಬೇಡಿ. ಇಲ್ಲದಿದ್ದರೆ ಬಟಾಣಿ ಕಾಳಿನಷ್ಟು ಸಾಕು. ತಳದಲ್ಲಿ ಪಾರದರ್ಶಕ ಪ್ಲಾಸ್ಟಿಕ್ ಹಾಳೆ ಇದ್ದರೆ ಅದನ್ನು ತೆಗೆಯಿರಿ ಮಾರಾಯ್ರೆ! ಅದನ್ನು ಹಾಗೇ ಬಿಟ್ಟು ಬಿಸಿಯಾಯಿತು ಅನ್ನುವವರು ಎಷ್ಟೋ ಜನ.

ಇಷ್ಟಾದ ಕೂಡಲೇ ಕ್ಯಾಬಿನೆಟ್ಟಿಗೆ ತುಂಬಲು ಓಡಬೇಡಿ. ಹೊರಗೇ ಒಮ್ಮೆ ಆನ್ ಮಾಡಿ ನೋಡಿ. ಎಸ್‌ಎಂಪಿಎಸ್‌ನ 24 ಪಿನ್ನಿನ ವೈರು ಒಂದು, ಪ್ರೊಸೆಸರ್ ಹತ್ತಿರದ 8 ಪಿನ್ನಿನದು ಇನ್ನೊಂದು. ಈ ಎರಡನೆಯದನ್ನು ಮರೆತರೆ ಫ್ಯಾನ್ ತಿರುಗಿದರೂ ಪರದೆ ಬರುವುದಿಲ್ಲ. ಬೋರ್ಡಿನ ಪವರ್ ಸ್ವಿಚ್ ಅಂತ ಬರೆದ ಎರಡು ಪಿನ್ನನ್ನು ಸ್ಕ್ರೂಡ್ರೈವರ್ ತುದಿಯಿಂದ ಒಂದು ಕ್ಷಣ ಮುಟ್ಟಿಸಿದರೆ ಸಾಕು, ಶುರುವಾಗುತ್ತದೆ. ಡಿಡಿಆರ್5 ಇದ್ದರೆ ಮೊದಲ ಸಲ ಪರದೆ ಕೆಲವು ನಿಮಿಷ ಕಪ್ಪಗಿರಬಹುದು. ಬೋರ್ಡ್ ಆಗ ರ‍್ಯಾಮನ್ನು ಪರೀಕ್ಷಿಸಿ ಹೊಂದಿಸಿಕೊಳ್ಳುತ್ತಿರುತ್ತದೆ. ಚಹಾ ಕುಡಿಯಿರಿ, ಸ್ವಿಚ್ ಆರಿಸಬೇಡಿ.

ಕ್ಯಾಬಿನೆಟ್ಟಿನ ಕೆಲಸ ಬರೀ ಸ್ಕ್ರೂ ಮತ್ತು ವೈರು. ಬೋರ್ಡಿನ ಕೆಳಗೆ ಹಿತ್ತಾಳೆಯ ಸಣ್ಣ ಕಂಬಗಳಿರಬೇಕು ಅನ್ನುವುದಷ್ಟೇ ಮುಖ್ಯ. ಗ್ರಾಫಿಕ್ಸ್ ಕಾರ್ಡ್ ಹಾಕಿದ್ದರೆ ಮಾನಿಟರ್ ವೈರು ಆ ಕಾರ್ಡಿಗೇ ಹೋಗಬೇಕು, ಬೋರ್ಡಿಗಲ್ಲ.

ಇನ್ನೊಂದು ಮಾತು, ಇದು ನಮ್ಮ ಹಳೇ ಚಾಳುಗಳಿಗೆ, ಹಳೇ ಬಿಲ್ಡಿಂಗುಗಳಿಗೆ. ಕ್ಯಾಬಿನೆಟ್ ಮುಟ್ಟಿದರೆ ಜುಮ್ ಅನ್ನುತ್ತದೆ ಅಂತ ಕೆಲವರು ಹೇಳುತ್ತಾರೆ. ಎಸ್‌ಎಂಪಿಎಸ್ ಒಳಗೆ, ಕರೆಂಟಿನ ಗದ್ದಲ ತಡೆಯಲು, ಲೈನಿನಿಂದ ಲೋಹದ ಮೈಗೆ ಪುಟ್ಟ ಕೆಪಾಸಿಟರ್ ಇರುತ್ತವೆ. ಅವುಗಳಿಂದ ಸೋರುವ ಚೂರು ಕರೆಂಟು ಅರ್ತಿಂಗ್ ತಂತಿಯಲ್ಲಿ ಇಳಿದುಹೋಗಬೇಕು. ಗೋಡೆಯ ಮೂರನೇ ತೂತಿನ ಹಿಂದೆ ತಂತಿಯೇ ಇಲ್ಲದಿದ್ದರೆ ಅದು ಕ್ಯಾಬಿನೆಟ್ ಮೇಲೇ ನಿಲ್ಲುತ್ತದೆ. ಅದಕ್ಕೆ ಕಂಪ್ಯೂಟರ್ ಬಿಚ್ಚಿ ಪ್ರಯೋಜನವಿಲ್ಲ, ಎಲೆಕ್ಟ್ರಿಷಿಯನ್ ಕರೆಸಿ ಅರ್ತಿಂಗ್ ನೋಡಿಸಬೇಕು. ಎಸ್‌ಎಂಪಿಎಸ್ ಡಬ್ಬವನ್ನಂತೂ ಎಂದೂ ಬಿಚ್ಚಬೇಡಿ. ಪ್ಲಗ್ ಕಿತ್ತ ಮೇಲೂ ಒಳಗೆ ಚಾರ್ಜ್ ಉಳಿದಿರುತ್ತದೆ.

ಎಲ್ಲ ಸರಿ ಬಂತು ಅಂತಾದರೆ ಬೋರ್ಡಿನ ಸೆಟ್ಟಿಂಗ್ ಪರದೆಯಾದ ಬಯಾಸ್‌ಗೆ ಹೋಗಿ ಎಕ್ಸ್‌ಎಂಪಿ ಅಥವಾ ಎಕ್ಸ್‌ಪೋ ಆನ್ ಮಾಡಿ. ದುಡ್ಡು ಕೊಟ್ಟು ತಂದ ರ‍್ಯಾಮಿನ ವೇಗ ಅದಿಲ್ಲದೆ ಪೂರ್ತಿ ಸಿಗುವುದಿಲ್ಲ. ಆಮೇಲೆ ಪೆನ್‌ಡ್ರೈವ್ ಹಾಕಿ ವಿಂಡೋಸೋ ಲಿನಕ್ಸೋ ಇಳಿಸಿಕೊಳ್ಳಿ. ನಮ್ಮ ಮನೆಗಳಲ್ಲಿ ಕಾಲಿಡಲು ಜಾಗ ಇಲ್ಲ, ನಿಜ. ಕ್ಯಾಬಿನೆಟ್ಟಿನ ದೊಡ್ಡ ಡಬ್ಬ ರದ್ದಿಯವನಿಗೆ ಕೊಡಿ. ಉಳಿದ ಸಣ್ಣ ಡಬ್ಬಗಳು, ಬಿಲ್ಲಿನ ಸಮೇತ, ವಾರಂಟಿ ಮುಗಿಯುವವರೆಗೆ ಅಟ್ಟದ ಮೇಲಿರಲಿ.

ನಮಸ್ಕಾರ.