ಯಾವ ಕಂಬ, ಯಾವ ದೋಣಿ?

ಕೇಳುಗರೆ, ನಮಸ್ಕಾರ.

ರೇಡಿಯೊದಲ್ಲಿ ಮೀಡಿಯಂ ವೇವ್ ಹಾಕಿದಾಗ ಮಾತಿನ ಹಿಂದೆ ಗೊರ್ ಅಂತ ಒಂದು ಸದ್ದು ಬರುತ್ತದೆ, ಅಲ್ವಾ? ನಮ್ಮ ಕರಾವಳಿಯಲ್ಲಿ ಅದಕ್ಕೆ ಒಂದು ಕಾರಣ ಕಡಲಿನ ಉಪ್ಪು. ಗಾಳಿಯಲ್ಲಿ ಬಂದ ಉಪ್ಪು ವಿದ್ಯುತ್ ಕಂಬದ ಪಿಂಗಾಣಿಯ ಮೇಲೆ ಕೂರುತ್ತದೆ. ರಾತ್ರಿ ಇಬ್ಬನಿಗೆ ಒದ್ದೆಯಾದರೆ ಅದರ ಮೇಲೆ ಸಣ್ಣ ಕಿಡಿ ಹಾರುತ್ತದೆ. ಕರೆಂಟಿನ ಆವರ್ತನ 50 ಹರ್ಟ್ಜ್, ಹಾಗಾಗಿ ಆ ಸದ್ದು ಸೆಕೆಂಡಿಗೆ 100 ಸಲ ಮಿಡಿಯುತ್ತದೆ. ಜೂನ್‌ನಲ್ಲಿ ಜೋರು ಮಳೆ ಹೊಡೆದರೆ ಉಪ್ಪು ತೊಳೆದುಹೋಗಿ ಗೊರಗೊರ ಇಳಿಯುತ್ತದೆ.

ಆದರೆ ಯಾವ ಕಂಬ? ಒಂದೇ ರೇಡಿಯೊ ಇಟ್ಟುಕೊಂಡರೆ ಗೊತ್ತಾಗುವುದಿಲ್ಲ. ಮಲ್ಪೆ, ಮಣಿಪಾಲ, ಸುರತ್ಕಲ್ ಎಂದು ಅಲ್ಲಲ್ಲಿ ರಿಸೀವರ್ ಇಟ್ಟು ಇಂಟರ್ನೆಟ್‌ಗೆ ಜೋಡಿಸಿದರೆ, ಸದ್ದು ಎಲ್ಲಿ ಜಾಸ್ತಿ ಎಂಬುದು ಕೂತಲ್ಲೇ ಕಾಣುತ್ತದೆ. ಆಮೇಲೆ ಆ ಬೀದಿಗೆ ಕೈಯಲ್ಲೊಂದು ರೇಡಿಯೊ ಹಿಡಿದು ಹೋದರೆ ಸಾಕು.

ಇದು ಬರೀ ಕನಸಲ್ಲ. ನೆದರ್ಲ್ಯಾಂಡ್ಸ್‌ನ ಟ್ವೆಂಟೆ ವಿಶ್ವವಿದ್ಯಾಲಯದ ರಿಸೀವರನ್ನು 2008ರಿಂದಲೇ ಜನ ದೂರದ ಊರುಗಳಲ್ಲಿ ಕೂತು ಇಂಟರ್ನೆಟ್ ಮೂಲಕ ತಿರುಗಿಸುತ್ತಿದ್ದಾರೆ. ಟಿವಿ ನೋಡಲು ಮಾಡಿದ, ಕಂಪ್ಯೂಟರಿಗೆ ಚುಚ್ಚುವ ಸಣ್ಣ ಡಾಂಗಲ್ ಒಳ್ಳೆಯ ರಿಸೀವರ್ ಆಗುತ್ತದೆಂದು 2012ರಲ್ಲಿ ಹವ್ಯಾಸಿಗಳಿಗೆ ತಿಳಿಯಿತು. ಅದು ಸೆಕೆಂಡಿಗೆ ಸುಮಾರು 48 ಲಕ್ಷ ಬೈಟ್ ಸುರಿಯುತ್ತದೆ. ಅಷ್ಟನ್ನೂ ಸಾಗಿಸುವ ತಂಟೆ ಬೇಡ. ಪಕ್ಕದಲ್ಲೇ ಒಂದು ಪುಟ್ಟ ಕಂಪ್ಯೂಟರ್ ಇಟ್ಟು, ಯಾವ ಆವರ್ತನದಲ್ಲಿ ಎಷ್ಟು ಬಲ ಎಂಬ ಲೆಕ್ಕ ಮಾತ್ರ ಕಳಿಸಿದರಾಯಿತು.

ನನ್ನನ್ನು ಹೆಚ್ಚು ಕಾಡುವುದು ಕಡಲಿನ ವಿಷಯ. ದೋಣಿಗಳು ಅಪಾಯದಲ್ಲಿ ಕೂಗುವುದು ಕಡಲ ರೇಡಿಯೊದ 16ನೇ ಚಾನೆಲ್‌ನಲ್ಲಿ, 156.8 ಮೆಗಾಹರ್ಟ್ಜ್. ಯಾವುದೋ ದೋಣಿಯಲ್ಲಿ ಮೈಕಿನ ಗುಂಡಿ ಬಲೆಯ ಅಡಿಗೆ ಸಿಕ್ಕಿ ಒತ್ತಿಕೊಂಡೇ ಇದೆ ಅಂದುಕೊಳ್ಳಿ. ಇಂಜಿನ್ ಸದ್ದು ಸುಮ್ನೆ ಹೋಗುತ್ತಲೇ ಇರುತ್ತದೆ, ಹತ್ತಿರದವರ ಕೂಗು ಅದರಡಿ ಮುಳುಗುತ್ತದೆ. ಆ ದೋಣಿಯವರಿಗೆ ಇದು ಗೊತ್ತೇ ಇರುವುದಿಲ್ಲ. ಜೀವದ ಪ್ರಶ್ನೆ ಇದು.

ಹುಡುಕುವ ದಾರಿ ಇದೆ. ಒಂದೇ ಸಂಕೇತ ಮೂರು ರಿಸೀವರ್‌ಗಳಿಗೆ ಮೂರು ಬೇರೆ ಹೊತ್ತಿಗೆ ತಲುಪುತ್ತದೆ. ಎಲ್ಲವೂ ಜಿಪಿಎಸ್ ಗಡಿಯಾರಕ್ಕೆ ಹೊಂದಿಕೊಂಡಿದ್ದರೆ, ಆ ಅಂತರದಿಂದಲೇ ಜಾಗ ತಿಳಿಯಬಹುದು. ರೇಡಿಯೊ ಅಲೆ ಒಂದು ಮೈಕ್ರೋಸೆಕೆಂಡಿನಲ್ಲಿ 300 ಮೀಟರ್ ಓಡುತ್ತದೆ. ಗಡಿಯಾರ ಅಷ್ಟು ತಪ್ಪಿದರೂ ಲೆಕ್ಕ ಕೆಡುತ್ತದೆ.

ಇಲ್ಲಿ ನಮ್ಮ ಊರಿನದೇ ಒಂದು ತೊಡಕು. ಮಲ್ಪೆ, ಸುರತ್ಕಲ್, ಮಂಗಳೂರು ಹೆಚ್ಚುಕಡಿಮೆ ಒಂದೇ ಗೆರೆಯಲ್ಲಿ ದಡದುದ್ದಕ್ಕೂ ಇವೆ. ಗೆರೆಯಲ್ಲಿಟ್ಟ ರಿಸೀವರ್‌ಗಳಿಗೆ ಕಡಲ ಕಡೆಯದೂ ಘಟ್ಟದ ಕಡೆಯದೂ ಒಂದೇ ಥರ ಕಾಣುತ್ತದೆ. ಸಂಕೇತ ಬಂದದ್ದು ದೋಣಿಯಿಂದಲೋ ಹಳ್ಳಿಯ ಮನೆಯಿಂದಲೋ ಹೇಳಲಾಗದು. ಅದಕ್ಕೇ ಒಂದು ರಿಸೀವರ್ ಒಳನಾಡಿನಲ್ಲಿ, ಕಾರ್ಕಳದಂಥ ಜಾಗದಲ್ಲಿ, ಇರಲೇಬೇಕು.

ಕೇಂದ್ರ ಸರ್ಕಾರದ ವೈರ್‌ಲೆಸ್ ಮಾನಿಟರಿಂಗ್ ಠಾಣೆ ಮಂಗಳೂರಿನಲ್ಲಿದೆ. ತಪ್ಪು ಕಂಡರೆ ಕ್ರಮ ಕೈಗೊಳ್ಳುವುದು ಅಂಥ ಇಲಾಖೆಯ ಕೆಲಸ, ನಮ್ಮದಲ್ಲ. ಬೇರೆಯವರ ಖಾಸಗಿ ಮಾತಿಗೆ ಕಿವಿಗೊಡುವುದೂ ನಮ್ಮ ಕೆಲಸವಲ್ಲ. ಆದರೆ ಸದ್ದು ಎಲ್ಲಿ, ಎಷ್ಟು, ಯಾವ ಹೊತ್ತಿಗೆ ಎಂಬ ದಾಖಲೆಯನ್ನು ಇಂಜಿನಿಯರಿಂಗ್ ಕಾಲೇಜಿನ ಮಕ್ಕಳು ತಾರಸಿಯಲ್ಲಿ ಒಂದು ಆಂಟೆನಾ ನೆಟ್ಟು ಇಡಬಹುದು. ಕಾರ್ಕಳದ ಕಡೆಯ ಕಾಲೇಜಿನವರು ಯಾರಾದರೂ ಇದನ್ನು ಕೇಳುತ್ತಿದ್ದರೆ, ಮೊದಲ ಆಂಟೆನಾ ನಿಮ್ಮ ತಾರಸಿಯಲ್ಲೇ ಏಳಲಿ.

ನಮಸ್ಕಾರ.