ಜನವರಿಯ ತೀರ್ಮಾನಕ್ಕೆ ಯುಗಾದಿಯ ಲೆಕ್ಕ

ಕೇಳುಗರೆಲ್ಲರಿಗೂ ನಮಸ್ಕಾರ, ಹೊಸ ವರ್ಷದ ಶುಭಾಶಯಗಳು.

ಜನವರಿ ಎಂದರೆ ನಮ್ಮ ಹಾಸನ, ಚಿಕ್ಕಮಗಳೂರು ಸೀಮೆಯಲ್ಲಿ ಬಿಡುವಿಲ್ಲದ ತಿಂಗಳು. ಮಲೆನಾಡಿನ ಕಡೆ ಅರೇಬಿಕಾ ಕಾಫಿಯ ಕೊಯ್ಲು ಮುಗಿಯುತ್ತ ಬಂದಿರುತ್ತದೆ, ರೊಬಸ್ಟಾ ಹಣ್ಣಾಗುತ್ತಿರುತ್ತದೆ. ಕಣದ ತುಂಬ ಕಾಫಿ ಹರಡಿರುವಾಗ ಆಕಾಶದಲ್ಲಿ ಒಂದು ಮೋಡ ಕಂಡರೂ ಎದೆ ಝಲ್ಲೆನ್ನುತ್ತದೆ. ಬಯಲಿನ ಕಡೆ ರಾಗಿ ಒಕ್ಕಣೆ, ಅವರೆಕಾಯಿಯ ಸಂತೆ, ಮಕ್ಕಳಿಗೆ ಹತ್ತಿರ ಬರುತ್ತಿರುವ ಪರೀಕ್ಷೆ. ಈ ಗಡಿಬಿಡಿಯ ನಡುವೆಯೇ ನಾವು ಹೊಸ ವರ್ಷಕ್ಕೆಂದು ಒಂದಿಷ್ಟು ತೀರ್ಮಾನಗಳನ್ನು ಮಾಡಿಕೊಳ್ಳುತ್ತೇವೆ. ಸಾಲ ತೀರಿಸಬೇಕು, ತೂಕ ಇಳಿಸಬೇಕು, ಇಂಗ್ಲಿಷ್ ಕಲಿಯಬೇಕು, ಕುಡಿತ ಬಿಡಬೇಕು, ಮಕ್ಕಳ ಜೊತೆ ಹೆಚ್ಚು ಹೊತ್ತು ಇರಬೇಕು. ಸಂಕ್ರಾಂತಿಯ ಎಳ್ಳುಬೆಲ್ಲ ಹಂಚುವ ಹೊತ್ತಿಗೆ ಇವುಗಳಲ್ಲಿ ಅರ್ಧಕ್ಕರ್ಧ ಮನಸ್ಸಿನಿಂದ ಜಾರಿಹೋಗಿರುತ್ತವೆ, ಮತ್ತು ಜನ ತಮಗೆ ಮನೋಬಲವಿಲ್ಲವೆಂದು ತಮ್ಮನ್ನೇ ಹಳಿದುಕೊಳ್ಳುತ್ತಾರೆ.

ಹಾಗೆ ಹಳಿದುಕೊಳ್ಳುವುದು ಅನ್ಯಾಯವೆಂದು ನನಗೆ ಅನ್ನಿಸುತ್ತದೆ. ಇಷ್ಟು ದುಡಿಯುವ ಜನರಿಗೆ ಮನೋಬಲದ ಕೊರತೆ ಇದೆಯೆಂದು ಹೇಳುವುದಕ್ಕೆ ನನ್ನ ಬಾಯಿ ಬರುವುದಿಲ್ಲ. ಕೊರತೆ ಇರುವುದು ತೀರ್ಮಾನ ಮಾಡಿದ ರೀತಿಯಲ್ಲಿ. ಅದರ ಹಿಂದೆ ಇಡೀ ಬದುಕಿನ ಯೋಚನೆ ಇರುವುದಿಲ್ಲ, ಅದರ ಮುಂದೆ ಲೆಕ್ಕ ನೋಡುವ ಒಂದು ದಿನ ಗೊತ್ತಾಗಿರುವುದಿಲ್ಲ. ಈ ಎರಡರ ಬಗ್ಗೆ ನಿಮ್ಮೊಡನೆ ಮಾತನಾಡಬೇಕೆಂದು ಬಂದಿದ್ದೇನೆ.

ಮೊದಲು ಇಡೀ ಬದುಕಿನ ಯೋಚನೆ. ಬರಲಿರುವ ಒಂದು ವರ್ಷವನ್ನಷ್ಟೇ ನೋಡುತ್ತ ಗುರಿ ಇಟ್ಟುಕೊಂಡರೆ, ಪಕ್ಕದ ಮನೆಯವರು ಏನು ಮಾಡುತ್ತಿದ್ದಾರೋ ಅದೇ ನಮ್ಮ ಗುರಿಯೂ ಆಗಿಬಿಡುತ್ತದೆ. ಅವರು ಕಾರು ತೆಗೆದುಕೊಂಡರೆ ನಮಗೂ ಕಾರು ಬೇಕು, ಅವರ ಮಗ ಇಂಜಿನಿಯರಿಂಗ್ ಸೇರಿದರೆ ನಮ್ಮ ಮಗನೂ ಸೇರಬೇಕು. ಈ ಸೆಳೆತದಿಂದ ಪಾರಾಗಲು ಸ್ವಲ್ಪ ದೂರದ ಗಡುವೊಂದನ್ನು ಇಟ್ಟುಕೊಂಡು ಯೋಚಿಸಬೇಕಾಗುತ್ತದೆ. ಹಾಸನ ಜಿಲ್ಲೆಯವರು ಅಂಥ ಗಡುವನ್ನು ಹುಡುಕಿಕೊಂಡು ಹೋಗಬೇಕಾಗಿಲ್ಲ. ಶ್ರವಣಬೆಳಗೊಳದ ಗೊಮ್ಮಟನ ಮಹಾಮಸ್ತಕಾಭಿಷೇಕ 2006ರಲ್ಲಿ ನಡೆಯಿತು, 2018ರ ಫೆಬ್ರವರಿಯಲ್ಲಿ ನಡೆಯಿತು. ಹನ್ನೆರಡು ವರ್ಷದ ಲೆಕ್ಕದಲ್ಲಿ ಮುಂದಿನದು 2030ಕ್ಕೆ, ಅದರ ಮುಂದಿನದು 2042ಕ್ಕೆ ಬರುತ್ತದೆ.

ಒಂದು ಸಂಜೆ ಬಿಡುವು ಮಾಡಿಕೊಂಡು, ಹಾಳೆಯ ಮೇಲೆ ಈ ವರ್ಷಗಳನ್ನು ಒಂದರ ಕೆಳಗೊಂದು ಬರೆಯಿರಿ. 2018ರಲ್ಲಿ ನೀವು ಎಲ್ಲಿದ್ದಿರಿ, ಮನೆಯಲ್ಲಿ ಯಾರ್‍ಯಾರಿದ್ದರು, ಎಷ್ಟು ಸಾಲವಿತ್ತು, ಯಾವ ಕೆಲಸ ಮಾಡುತ್ತಿದ್ದಿರಿ ಎಂಬುದನ್ನು ಮೊದಲು ಬರೆದುಕೊಳ್ಳಿ, ಏಕೆಂದರೆ ಕಳೆದುಹೋದ ವರ್ಷಗಳು ಎಷ್ಟು ಬೇಗ ಸರಿದವು ಎಂಬುದು ಮನಸ್ಸಿಗೆ ನಾಟಿದ ಮೇಲೆಯೇ ಮುಂದಿನ ವರ್ಷಗಳ ಬೆಲೆ ತಿಳಿಯುತ್ತದೆ. ಆಮೇಲೆ 2030ರ ಎದುರಿಗೆ ಮನೆಯ ಪ್ರತಿಯೊಬ್ಬರ ವಯಸ್ಸನ್ನು ಬರೆಯಿರಿ. ಆ ಅಂಕಿಗಳನ್ನು ನೋಡಿದಾಗ ಅನೇಕ ವಿಷಯಗಳು ತಾವಾಗಿಯೇ ಸ್ಪಷ್ಟವಾಗುತ್ತವೆ. ಮಗಳು ಕಾಲೇಜು ಸೇರುವ ವರ್ಷ ಯಾವುದು, ಅಪ್ಪ ಅಮ್ಮನಿಗೆ ಒಬ್ಬರ ಆಸರೆ ಬೇಕಾಗುವ ಕಾಲ ಎಷ್ಟು ಹತ್ತಿರದಲ್ಲಿದೆ, ನಮ್ಮ ಮಂಡಿಗಳಲ್ಲಿ ಇನ್ನೆಷ್ಟು ವರ್ಷ ತೋಟದ ಏರು ಹತ್ತುವ ಶಕ್ತಿ ಇರುತ್ತದೆ. ಆಗ ಕೇಳಿಕೊಳ್ಳಬೇಕಾದ ಪ್ರಶ್ನೆ ಇಷ್ಟೇ: ಆ ಹೊತ್ತಿಗೆ ನಾನು ಯಾವ ಬಗೆಯ ಮನುಷ್ಯನಾಗಿರಬೇಕು, ಯಾರ ಜೊತೆಗಿರಬೇಕು, ಯಾವ ಕೆಲಸ ನನ್ನಿಂದ ಆಗಿರಬೇಕು. ಉತ್ತರ ಐದಾರು ಸಾಲು ಬಂದರೆ ಸಾಕು.

ಆ ಐದಾರು ಸಾಲಿನಿಂದ ಈ ವರ್ಷಕ್ಕೆ ಏನನ್ನು ಆರಿಸಿಕೊಳ್ಳುವುದು? ಒಂದು, ಹೆಚ್ಚೆಂದರೆ ಎರಡು. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಮಾತನ್ನು ನಾವು ಹಣದ ವಿಷಯಕ್ಕೆ ಮಾತ್ರ ಹೇಳುತ್ತೇವೆ, ಹೊತ್ತಿನ ವಿಷಯಕ್ಕೂ ಅದು ಅಷ್ಟೇ ಸಲ್ಲುತ್ತದೆ. ಬೆಳಗಿನ ಹಾಲು ಕರೆಯುವುದು, ಡೇರಿಗೆ ಹಾಕಿ ಬರುವುದು, ಮಕ್ಕಳನ್ನು ಶಾಲೆಗೆ ಹೊರಡಿಸುವುದು, ಆಮೇಲೆ ಹೊಲ ಅಥವಾ ನೌಕರಿ, ಸಂಜೆ ಮತ್ತೆ ಹಾಲು. ಇಂಥ ದಿನದಲ್ಲಿ ನಿಜವಾಗಿ ಕೈಗೆ ಸಿಗುವುದು ಮುಕ್ಕಾಲು ಗಂಟೆ. ಅದನ್ನು ಏಳು ಗುರಿಗಳಿಗೆ ಹಂಚಿದರೆ ಯಾವುದೂ ದಡ ಸೇರುವುದಿಲ್ಲ.

ಆರಿಸಿಕೊಂಡದ್ದನ್ನು ಖಚಿತವಾದ ಮಾತಿನಲ್ಲಿ ಬರೆಯಬೇಕು. ಎಡ್ವಿನ್ ಲಾಕ್ ಮತ್ತು ಗ್ಯಾರಿ ಲ್ಯಾಥಮ್ ಎಂಬ ಮನೋವಿಜ್ಞಾನಿಗಳು ದಶಕಗಳ ಕಾಲ ಈ ವಿಷಯವನ್ನು ಅಧ್ಯಯನ ಮಾಡಿದವರು. 'ನಿನ್ನ ಕೈಲಾದಷ್ಟು ಮಾಡು' ಎಂದು ಹೇಳಿದಾಗ ಸಾಧಿಸುವುದಕ್ಕಿಂತ, ಸ್ವಲ್ಪ ಕಷ್ಟವೆನಿಸುವ, ಆದರೆ ಸ್ಪಷ್ಟವಾದ ಗುರಿಯನ್ನು ಒಪ್ಪಿಕೊಂಡಾಗ ಜನ ಹೆಚ್ಚು ಸಾಧಿಸುತ್ತಾರೆ ಎಂಬುದು ಅವರು ಕಂಡುಕೊಂಡ ಮುಖ್ಯ ಸಂಗತಿ. ಅವರೇ ಹೇಳುವ ಇನ್ನೊಂದು ಮಾತು ನಮ್ಮಲ್ಲಿ ಅಷ್ಟಾಗಿ ಪ್ರಚಾರಕ್ಕೆ ಬಂದಿಲ್ಲ: ಕೆಲಸ ಹೊಸದೂ ಜಟಿಲವೂ ಆಗಿದ್ದಾಗ ಇಷ್ಟು ಗಳಿಸುತ್ತೇನೆ ಎಂಬ ಗುರಿಗಿಂತ ಇಷ್ಟು ಕಲಿಯುತ್ತೇನೆ ಎಂಬ ಗುರಿ ಹೆಚ್ಚು ಫಲ ಕೊಡುತ್ತದೆ. ಬೆಂಗಳೂರಿನ ಕೆಲಸ ಬಿಟ್ಟು ಊರಿಗೆ ಬಂದು ಹೈನುಗಾರಿಕೆಗೋ ಹೋಂಸ್ಟೇ ನಡೆಸುವುದಕ್ಕೋ ಕೈ ಹಾಕಿರುವ ಯುವಕರು ಇದನ್ನು ಗಮನಿಸಬೇಕೆಂದು ನನ್ನ ಕಳಕಳಿಯ ಕೋರಿಕೆ. ಮೊದಲ ವರ್ಷವೇ ಇಷ್ಟು ಲಕ್ಷ ಲಾಭ ಎಂದು ಗೋಡೆಯ ಮೇಲೆ ಬರೆದುಕೊಂಡು, ಅದು ಬರಲಿಲ್ಲವೆಂದು ಕೈಚೆಲ್ಲಿ ಕೂತವರನ್ನು ನೋಡಿ ನನಗೆ ಸಂಕಟವಾಗಿದೆ. ಮೊದಲ ವರ್ಷದಲ್ಲಿ ಮೇವಿನ ಲೆಕ್ಕ, ಹಸುವಿನ ಬೆದೆಯ ಲಕ್ಷಣ, ಕೆಚ್ಚಲು ಬಾವು ಬಾರದಂತೆ ನೋಡಿಕೊಳ್ಳುವ ರೀತಿ ಇವಿಷ್ಟನ್ನು ಕಲಿತರೂ ಅದು ದೊಡ್ಡ ಗಳಿಕೆ.

ಇಲ್ಲಿ ಕಾಫಿ ಬೆಳೆಗಾರರ ಅನುಭವ ಎಲ್ಲರಿಗೂ ದಾರಿ ತೋರಿಸುತ್ತದೆ. ಅರೇಬಿಕಾ ಗಿಡ ಫೆಬ್ರವರಿಯಿಂದ ಏಪ್ರಿಲ್‌ವರೆಗಿನ ಅವಧಿಯಲ್ಲಿ ಒಂದು ಹದವಾದ ಮಳೆಗಾಗಿ ಕಾದಿರುತ್ತದೆ. ಆ ಹೂಮಳೆ ಬಿದ್ದು ಒಂಬತ್ತು ಹತ್ತು ದಿನಕ್ಕೆ ತೋಟವೆಲ್ಲ ಬೆಳ್ಳಗೆ ಅರಳುತ್ತದೆ. ಮುಂದಿನ ಕೆಲವು ವಾರಗಳಲ್ಲಿ ಇನ್ನೊಂದು ಮಳೆ ಬಾರದಿದ್ದರೆ ಕಚ್ಚಿದ ಕಾಯಿ ನಿಲ್ಲುವುದು ಕಷ್ಟ. ಎಲ್ಲರೂ ಸ್ಪ್ರಿಂಕ್ಲರ್‌ನಿಂದ ನೀರು ಕೊಡಲಾರರು. ಹಾಗಾಗಿ ಎಷ್ಟು ಮೂಟೆ ಬರುತ್ತದೆ ಎಂಬುದು ಬೆಳೆಗಾರನ ಕೈಯಲ್ಲಿಲ್ಲ, ಬೆಲೆಯಂತೂ ದೂರದ ಮಾರುಕಟ್ಟೆಯ ಕೈಯಲ್ಲಿದೆ. ಆದರೆ ಕೊಯ್ಲು ಮುಗಿದ ಮೇಲೆ ಗಿಡ ಕಸಿ ಮಾಡಿಸುವುದು ಅಂದರೆ ಬೇಡದ ರೆಂಬೆಗಳನ್ನು ಸವರಿಸುವುದು, ಮುಂಗಾರಿಗೆ ಮೊದಲು ಮರಗಸಿ ಮುಗಿಸಿ, ಅಂದರೆ ನೆರಳು ಮರಗಳ ಕೊಂಬೆ ಕಡಿಸಿ, ನೆರಳನ್ನು ಹದಕ್ಕೆ ತರುವುದು, ಕಾಂಡಕೊರಕ ಹೊಕ್ಕ ಗಿಡಗಳನ್ನು ಹುಡುಕಿ ಕಿತ್ತು ಸುಡುವುದು, ರೋಗ ತಡೆಯುವ ಬೋರ್ಡೋ ದ್ರಾವಣ ಸಿಂಪಡಿಸುವುದು, ಹೊತ್ತಿಗೆ ಸರಿಯಾಗಿ ಗೊಬ್ಬರ ಕೊಡುವುದು, ಚಿಗುರು ತೆಗೆಸುವುದು, ಇವೆಲ್ಲ ಅವನ ಕೈಯಲ್ಲಿವೆ, ಮತ್ತು ಪ್ರತಿಯೊಂದಕ್ಕೂ ತಿಂಗಳು ಗೊತ್ತಾಗಿದೆ. ಬಲ್ಲ ಬೆಳೆಗಾರ ಮೂಟೆಯ ಆಸೆಯನ್ನು ಮನಸ್ಸಿನಲ್ಲಿಟ್ಟುಕೊಂಡು ಕೆಲಸದ ಪಟ್ಟಿಯನ್ನು ಡೈರಿಯಲ್ಲಿ ಬರೆಯುತ್ತಾನೆ.

ನಮ್ಮ ಗುರಿಗಳನ್ನೂ ಹಾಗೆಯೇ ಬಿಡಿಸಿ ಬರೆಯಬೇಕು. ಸರ್ಕಾರಿ ಕೆಲಸ ಸಿಗಬೇಕು ಎಂಬುದು ಆಸೆ, ಅದರಲ್ಲಿ ನಮ್ಮ ಕೈ ಮೀರಿದ ಅಂಶಗಳು ಹಲವು. ರಾತ್ರಿ ಊಟವಾದ ಮೇಲೆ ಒಂದು ಗಂಟೆ ಹಳೆಯ ಪ್ರಶ್ನೆಪತ್ರಿಕೆ ಬಿಡಿಸುತ್ತೇನೆ ಎಂಬುದು ಕೆಲಸ. ಜರ್ಮನಿಯ ಪೀಟರ್ ಗೋಲ್ವಿಟ್ಜರ್ ಎಂಬ ವಿದ್ವಾಂಸರು 1999ರಲ್ಲಿ ಪ್ರಕಟಿಸಿದ ಲೇಖನವೊಂದರಲ್ಲಿ ಇದನ್ನೇ ವಿವರಿಸಿದರು: ಯಾವಾಗ, ಎಲ್ಲಿ, ಹೇಗೆ ಎಂದು ಮೊದಲೇ ಗೊತ್ತುಮಾಡಿಕೊಂಡವರು ಬರಿಯ ಇಚ್ಛೆಯನ್ನು ಇಟ್ಟುಕೊಂಡವರಿಗಿಂತ ಹೆಚ್ಚು ಸಲ ಆ ಕೆಲಸವನ್ನು ಮಾಡಿ ಮುಗಿಸುತ್ತಾರೆ. ದಿನಾ ನಡೆಯುತ್ತೇನೆ ಎನ್ನುವುದಕ್ಕಿಂತ, ಡೇರಿಯಲ್ಲಿ ಹಾಲು ಹಾಕಿದ ಮೇಲೆ ಕ್ಯಾನನ್ನು ಮಗನ ಕೈಗೆ ಕೊಟ್ಟು ಕೆರೆ ಏರಿಯ ಮೇಲೆ ಆ ತುದಿಯವರೆಗೆ ನಡೆದು ಬರುತ್ತೇನೆ ಎಂದುಕೊಳ್ಳುವುದು ಮೇಲು.

ಚನ್ನರಾಯಪಟ್ಟಣದ ಕಡೆ ನನಗೆ ಪರಿಚಯದ ಒಂದು ಮನೆಯಿದೆ. ಅಡುಗೆಮನೆಯ ಬಾಗಿಲ ಪಕ್ಕದಲ್ಲಿ ತಿಥಿ, ನಕ್ಷತ್ರ, ರಾಹುಕಾಲವೆಲ್ಲ ಅಚ್ಚಾಗಿರುವ ಗೋಡೆ ಕ್ಯಾಲೆಂಡರ್ ತೂಗುಬಿದ್ದಿರುತ್ತದೆ. ಪ್ರತಿ ದಿನದ ಚೌಕದಲ್ಲಿ ಬೆಳಗಿನ ಹಾಲು ಎಷ್ಟು ಲೀಟರು, ಸಂಜೆಯದು ಎಷ್ಟು ಎಂದು ಎರಡು ಸಣ್ಣ ಅಂಕಿ. ಗ್ಯಾಸ್ ಸಿಲಿಂಡರ್ ಹಚ್ಚಿದ ದಿನಕ್ಕೆ ಒಂದು ಗೀಟು, ಹಸುವಿಗೆ ಇಂಜೆಕ್ಷನ್ ಮಾಡಿಸಿದ ದಿನಕ್ಕೆ ಒಂದು ಸುತ್ತು. ಆ ಮನೆಯಾಕೆ ಪಿಯುಸಿ ಮುಗಿಸಿದವರು, ಮದುವೆಯಾದ ಮೇಲೆ ಓದು ನಿಂತಿತ್ತು. ಮೈಸೂರಿನ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯದಲ್ಲಿ ಬಿ.ಎ.ಗೆ ಹೆಸರು ನೋಂದಾಯಿಸಿದ ಮೇಲೆ ಅದೇ ಚೌಕಗಳಲ್ಲಿ, ಹಾಲಿನ ಅಂಕಿಯ ಕೆಳಗೆ, ಕೆಂಪು ಬಾಲ್ ಪೆನ್ನಿನಲ್ಲಿ ಪುಟದ ಸಂಖ್ಯೆ ಬರೆಯತೊಡಗಿದರು. ಓದದ ದಿನ ಅಡ್ಡಗೀಟು. ಜಾತ್ರೆಯ ವಾರದಲ್ಲಿ, ಅತ್ತೆಗೆ ಕಾಯಿಲೆಯಾಗಿದ್ದ ವಾರದಲ್ಲಿ ಅಡ್ಡಗೀಟುಗಳ ಸಾಲೇ ಇತ್ತು. ಮನೆಯವರೆಲ್ಲರೂ ದಿನಾ ನೋಡುವ ಜಾಗದಲ್ಲಿ ಅದು ಇದ್ದದ್ದರಿಂದ ಒಂದು ಬದಲಾವಣೆಯಾಯಿತು: ಪರೀಕ್ಷೆಯ ತಿಂಗಳಲ್ಲಿ ಸಂಜೆಯ ಹಾಲು ಕರೆಯುವ ಕೆಲಸವನ್ನು ಗಂಡ ವಹಿಸಿಕೊಂಡರು.

ಈ ಕೊನೆಯ ಸಂಗತಿಯನ್ನು ನಾನು ಒತ್ತಿ ಹೇಳಲು ಬಯಸುತ್ತೇನೆ. ಒಬ್ಬರ ಗುರಿ ಎಂದರೆ ಮನೆಯ ಇನ್ನೊಬ್ಬರ ಹೊತ್ತು. ಗಂಡ ಬೆಳಗ್ಗೆ ಒಂದು ಗಂಟೆ ವಾಕಿಂಗ್ ಹೋಗಲು ತೀರ್ಮಾನಿಸಿದರೆ ಆ ಗಂಟೆಯ ಮನೆಗೆಲಸ ಹೆಂಡತಿಯ ಹೆಗಲಿಗೆ ಬೀಳುತ್ತದೆ, ಅವನಿಗೆ ಅದು ಕಾಣುವುದೂ ಇಲ್ಲ. ನಮ್ಮ ಮನೆಗಳಲ್ಲಿ ಹೆಣ್ಣುಮಕ್ಕಳಿಗೆ ಹೊಸ ವರ್ಷದ ಗುರಿ ಏನೆಂದು ಕೇಳಿದರೆ, ಮಗನ ಪರೀಕ್ಷೆ, ಮಗಳ ಮದುವೆ, ಮನೆಯ ಸಾಲ ಎನ್ನುತ್ತಾರೆ. ನಿಮಗಾಗಿ ಏನು ಬೇಕು ಎಂದು ಮತ್ತೆ ಕೇಳಿದರೆ ಸುಮ್ಮನಾಗುತ್ತಾರೆ. ಆದ್ದರಿಂದ ಈ ಮಾತುಕತೆ ಇಡೀ ಮನೆಯದಾಗಬೇಕು. ಒಂದು ಭಾನುವಾರ ಊಟವಾದ ಮೇಲೆ ಎಲ್ಲರೂ ಕೂತು, ಒಬ್ಬೊಬ್ಬರೂ ತಮ್ಮ ಒಂದು ಗುರಿಯನ್ನು ಹೇಳಲಿ, ಮತ್ತು ಅದಕ್ಕೆ ಬೇಕಾಗುವ ಹೊತ್ತನ್ನು ಯಾರು ಬಿಡಿಸಿಕೊಡುತ್ತಾರೆ ಎಂಬುದೂ ಅಲ್ಲಿಯೇ ತೀರ್ಮಾನವಾಗಲಿ. ಮಕ್ಕಳ ಮಾತನ್ನೂ ಕೇಳಿ. ತಮ್ಮ ಗುರಿಯನ್ನು ತಾವೇ ಹೇಳಿದ ಮಕ್ಕಳು ಅದನ್ನು ಹೊರೆಯೆಂದು ಭಾವಿಸುವುದು ಕಡಿಮೆ.

ಇನ್ನು ಲೆಕ್ಕ ನೋಡುವ ದಿನದ ವಿಷಯ. ಕನ್ನಡಿಗರಾದ ನಮಗೆ ವರ್ಷಕ್ಕೆ ಎರಡು ಹೊಸ ವರ್ಷಗಳು ಬರುತ್ತವೆ, ಮತ್ತು ಅವುಗಳ ನಡುವಿನ ಅಂತರ ಹನ್ನೊಂದರಿಂದ ಹದಿನೈದು ವಾರಗಳ ಆಸುಪಾಸಿನದು. ಹೊಸ ರೂಢಿಯೊಂದು ಮೈಗೂಡಲು ಎಷ್ಟು ಕಾಲ ಬೇಕು ಎಂದು ಲಂಡನ್ನಿನಲ್ಲಿ ಫಿಲಿಪ್ಪಾ ಲ್ಯಾಲಿ ಮತ್ತು ಸಂಗಡಿಗರು 96 ಮಂದಿಯನ್ನು ಹನ್ನೆರಡು ವಾರಗಳ ಕಾಲ ಗಮನಿಸಿ ಅಧ್ಯಯನ ನಡೆಸಿದರು. ನಡುವಣ ಲೆಕ್ಕ 66 ದಿನಗಳೆಂದು ಬಂದಿತು. ಕೆಲವರಿಗೆ 18 ದಿನ ಸಾಕಾಗಿತ್ತು, ಕೆಲವರಿಗೆ 254 ದಿನ ಬೇಕಾಗಬಹುದೆಂದು ಅಂದಾಜಾಯಿತು. ನಡುವೆ ಒಂದು ದಿನ ತಪ್ಪಿದರೆ ರೂಢಿ ಕೆಡುವುದಿಲ್ಲ ಎಂಬುದೂ ಅದರಲ್ಲಿ ಕಂಡುಬಂದಿತು. ಇಪ್ಪತ್ತೊಂದು ದಿನದಲ್ಲಿ ಎಲ್ಲವೂ ಅಭ್ಯಾಸವಾಗುತ್ತದೆ ಎಂದು ವಾಟ್ಸಾಪ್‌ನಲ್ಲಿ ಹರಿದಾಡುವ ಮಾತನ್ನು ನಂಬಿ, ಇಪ್ಪತ್ತೆರಡನೆಯ ದಿನ ನಿರಾಶರಾಗುವ ಅಗತ್ಯ ಯಾರಿಗೂ ಇಲ್ಲ. ಜನವರಿಯಲ್ಲಿ ಹಿಡಿದ ಕೆಲಸವನ್ನು ಯುಗಾದಿಯವರೆಗೆ, ತಪ್ಪಿದ ದಿನಗಳ ಸಮೇತ, ಎಳೆದುಕೊಂಡು ಹೋದರೆ ಅದು ನಮ್ಮ ಬದುಕಿಗೆ ಒಗ್ಗುತ್ತದೆಯೋ ಇಲ್ಲವೋ ಎಂಬುದು ಅಷ್ಟರಲ್ಲಿ ಗೊತ್ತಾಗಿರುತ್ತದೆ.

ಯುಗಾದಿಯ ದಿನ ನಮ್ಮ ಕಡೆಯ ಹಳ್ಳಿಗಳಲ್ಲಿ ಹೊನ್ನಾರು ಕಟ್ಟಿ ವರ್ಷದ ಮೊದಲ ಉಳುಮೆ ಮಾಡುತ್ತಾರೆ, ದೇವಸ್ಥಾನದ ಮುಂದೆ ಪಂಚಾಂಗ ಶ್ರವಣ ನಡೆಯುತ್ತದೆ, ಒಂದೊಂದು ರಾಶಿಗೂ ಆಯ ಎಷ್ಟು, ವ್ಯಯ ಎಷ್ಟು ಎಂದು ಓದುತ್ತಾರೆ. ಅದನ್ನು ಕೇಳಿಕೊಂಡು ಬಂದ ಮೇಲೆ ನಿಮ್ಮ ಕ್ಯಾಲೆಂಡರನ್ನೂ ಆ ಐದಾರು ಸಾಲಿನ ಹಾಳೆಯನ್ನೂ ಎದುರಿಗಿಟ್ಟುಕೊಂಡು ಕುಳಿತುಕೊಳ್ಳಿ. ಗುರುತು ಬಿದ್ದ ದಿನಗಳೆಷ್ಟು, ಅಡ್ಡಗೀಟು ಬಿದ್ದ ದಿನಗಳಲ್ಲಿ ಏನು ನಡೆದಿತ್ತು ಎಂದು ನೋಡಿ. ಕೆಲಸ ಸಾಗುತ್ತಿದ್ದರೆ ಮುಂದುವರಿಸಿ. ಅಳತೆ ದೊಡ್ಡದಾಗಿದ್ದರೆ ಅರ್ಧಕ್ಕೆ ಇಳಿಸಿ. ನಿಮ್ಮ ಹಾಳೆಯ ಯಾವ ಸಾಲಿಗೂ ಅದು ಸಂಬಂಧಪಟ್ಟದ್ದಲ್ಲ ಎಂದು ಕಂಡರೆ ನಾಚಿಕೆಯಿಲ್ಲದೆ ಬಿಟ್ಟುಬಿಡಿ, ಆ ಹೊತ್ತನ್ನು ಇನ್ನೊಂದಕ್ಕೆ ಕೊಡಿ. ಎರಡನೆಯ ಲೆಕ್ಕಕ್ಕೆ ಗೌರಿ ಹಬ್ಬ ಅನುಕೂಲ, ಮೂರನೆಯದಕ್ಕೆ ದೀಪಾವಳಿ.

ಈಗ ಕೊಯ್ಲಿನ ನಡುವೆ ಇರುವವರು, ಕಣ ಕಾಯುತ್ತಿರುವವರು, ಆಳುಗಳ ಬಟವಾಡೆಯ ಚಿಂತೆಯಲ್ಲಿರುವವರು ಇಂದೇ ಶುರುಮಾಡಲಾಗಲಿಲ್ಲವೆಂದು ಬೇಸರಪಡಬೇಡಿ. ನಿಮ್ಮ ಕಾಫಿ ಸಿಪ್ಪೆ ಬಿಡಿಸಿ ಹಸನು ಮಾಡುವ ಕ್ಯೂರಿಂಗಿಗೆ ಹೋಗಿ, ಲೆಕ್ಕ ಚುಕ್ತಾ ಆದ ಮರುದಿನ ಹಾಳೆ ತೆಗೆದುಕೊಳ್ಳಿ. ನಿಮ್ಮ ಹನ್ನೆರಡು ವಾರಗಳು ಅಂದಿನಿಂದ ಎಣಿಕೆಯಾಗಲಿ. ನಮಸ್ಕಾರ.