ಆರು ಗುಂಡಿ ಇದೆ, ಹಾಕೋದು ಒಂದೇ: ಡಬಲ್ ಬ್ರೆಸ್ಟ್ ಕೋಟಿನ ಒಳಗುಟ್ಟು

[ಕ್ಲೋಸಪ್: ಕಡುನೀಲಿ ಕೋಟಿನ ಮುಂಭಾಗ. ಬೆರಳು ಒಂದೊಂದೇ ಗುಂಡಿ ಮುಟ್ಟುತ್ತದೆ.]

ನಮಸ್ಕಾರ. ಈ ಕೋಟಿನ ಮುಂದೆ ಎಷ್ಟು ಗುಂಡಿ ಇವೆ, ಎಣಿಸಿ. ಆರು. ಕಾಜಾ ಎಷ್ಟಿವೆ? ಎರಡು. ಹಾಕಿಕೊಂಡು ಓಡಾಡುವ ಗುಂಡಿ? ಸಾಮಾನ್ಯವಾಗಿ ಒಂದೇ. ಉಳಿದ ಐದಕ್ಕೆ ಏನು ಕೆಲಸ?

"ರಿಸೆಪ್ಷನ್‌ಗೆ ಡಬಲ್ ಬ್ರೆಸ್ಟ್ ಹೊಲಿಸ್ತಿದೀನಿ, ಯಾವ ಗುಂಡಿ ಹಾಕ್ಬೇಕು, ಯಾವ್ದು ಬಿಡ್ಬೇಕು?" ಅಂತ ಒಬ್ಬ ವೀಕ್ಷಕರು ಕೇಳಿದ್ದರು. ಉತ್ತರ ಒಂದೇ ಸಾಲಿನದು. ಆದರೆ ಆ ಒಂದು ಸಾಲಿನ ಹಿಂದೆ ಏನಿದೆ ಅಂತ ನೋಡಲು ಹೋಗಿ ಈ ವಿಡಿಯೋ ಆಯಿತು.

ಮೊದಲು ಬೇಸಿಕ್ಸ್ ಬೇಗ ಮುಗಿಸೋಣ. ಮಾಮೂಲಿ ಕೋಟಿನಲ್ಲಿ ಎರಡು ಅಂಚುಗಳು ಎದೆಯ ನಡುವೆ ಸೇರುತ್ತವೆ. ಡಬಲ್ ಬ್ರೆಸ್ಟ್‌ನಲ್ಲಿ ಎಡಗಡೆಯ ಭಾಗ ಬಲಗಡೆಯ ಮೇಲೆ ಅಗಲವಾಗಿ ಹಾಯುತ್ತದೆ. ಎರಡು ಸಾಲು ಗುಂಡಿ, ತುದಿ ಮೇಲಕ್ಕೆ ಚೂಪಾಗಿ ಎದ್ದ ಲ್ಯಾಪೆಲ್, ಅಂದರೆ ಕಾಲರ್ ಕೆಳಗೆ ಎದೆಯ ಮೇಲೆ ಹೊರಕ್ಕೆ ಮಡಚಿದ ಪಟ್ಟಿ. 6×2 ಅಂದರೆ ಕಾಣುವುದು ಆರು, ಹಾಕಲು ಬರುವುದು ಎರಡು. 4×2, 6×1 ಕೂಡ ಇದೇ ಲೆಕ್ಕ. ಆಯ್ತಾ? ಮುಂದೆ.

ಈ ಎರಡು ಸಾಲು ಮೊದಲು ಶೋಕಿಗೆ ಬಂದದ್ದಲ್ಲ. ಇಂದಿನ ಸೂಟಿನ ಈ ಕೋಟಿಗೆ ಹತ್ತಿರದ ನೆಂಟ ಯುರೋಪಿನ ನಾವಿಕರ ರೀಫರ್ ಜಾಕೆಟ್, ಅಂದರೆ ದಪ್ಪ ಉಣ್ಣೆಯ ಗಿಡ್ಡ ಕೋಟು. ಸಮುದ್ರದ ಚಳಿಗಾಳಿ ಎದೆಗೆ ಹೊಡೆಯುತ್ತದೆ. ಎದೆಯ ಮೇಲೆ ದಪ್ಪ ಉಣ್ಣೆ ಎರಡು ಪದರ ಇದ್ದರೆ ಗಾಳಿ ಒಳಗೆ ನುಗ್ಗುವುದಿಲ್ಲ. ಎರಡೂ ಕಡೆ ಕಾಜಾ ಇದ್ದರೆ ಇನ್ನೊಂದು ಲಾಭ: ಯಾವ ಭಾಗ ಬೇಕೋ ಅದನ್ನು ಮೇಲೆ ತಂದುಕೊಳ್ಳಬಹುದು.

ಇದು ಇವತ್ತಿಗೂ ನಿಮ್ಮ ಕಣ್ಣೆದುರೇ ಇದೆ. ದೊಡ್ಡ ಹೋಟೆಲಿನ ಶೆಫ್ ಹಾಕುವ ಬಿಳಿ ಕೋಟು ನೆನಪು ಮಾಡಿಕೊಳ್ಳಿ. ಅದೂ ಡಬಲ್ ಬ್ರೆಸ್ಟೇ! ಒಲೆಯ ಮುಂದೆ ನಿಂತಾಗ ಎದೆಗೆ ಎರಡು ಪದರ ರಕ್ಷಣೆ. ಎಣ್ಣೆ, ಅರಿಶಿನ ಸಿಡಿದು ಕಲೆಯಾಯಿತಾ? ಗುಂಡಿ ಬಿಚ್ಚಿ, ಕೆಳಗಿನ ಭಾಗವನ್ನು ಮೇಲೆ ತಂದು ಹಾಕಿಕೊಂಡರೆ ಮುಗೀತು. ಗಿರಾಕಿ ಮುಂದೆ ಬರುವಾಗ ಮಲ್ಲಿಗೆ ಬಿಳುಪು. ಸೂಟಿನ ಕೋಟಿನಲ್ಲಿ ಆ ಸೌಕರ್ಯ ಹೋಗಿ, ಗುಂಡಿ ಮಾತ್ರ ಅಲಂಕಾರಕ್ಕೆ ಉಳಿದುಕೊಂಡಿವೆ. ಒಂದು ಗುರುತು ಇನ್ನೂ ಇದೆ ನೋಡಿ: ಚೆನ್ನಾಗಿ ಹೊಲಿದ ಕೋಟಿನಲ್ಲಿ ಎರಡೂ ಲ್ಯಾಪೆಲ್‌ಗಳ ಮೇಲೆ ಒಂದೊಂದು ಕಾಜಾ ಇರುತ್ತದೆ. ಮಾಮೂಲಿ ಕೋಟಿನಲ್ಲಿ ಸಾಧಾರಣವಾಗಿ ಎಡಗಡೆ ಮಾತ್ರ.

[ಕೋಟು ಬಿಚ್ಚಿ ಲೈನಿಂಗ್ ತೋರಿಸುವುದು]

ಈಗ ನನಗೆ ಅತಿ ಇಷ್ಟದ ವಿಷಯ. ಇಲ್ಲಿ ಸ್ವಲ್ಪ ಜಾಸ್ತಿ ಹೊತ್ತು ನಿಲ್ಲುತ್ತೇನೆ, ಬೈಬೇಡಿ.

ಎಡಭಾಗದ ಒಳಗೆ, ಲೈನಿಂಗ್ ಹತ್ತಿರ, ಏಳನೇ ಗುಂಡಿ ಒಂದಿದೆ. ಹೊರಗಿನಿಂದ ಕಾಣುವುದೇ ಇಲ್ಲ. ಇಂಗ್ಲಿಷ್ ಟೈಲರ್‌ಗಳು ಇದಕ್ಕೆ ಜಿಗರ್ ಅನ್ನುತ್ತಾರೆ. ಬಲಭಾಗದ ಅಂಚಿನಲ್ಲಿರುವ ಕಾಜಾವನ್ನು ಮೊದಲು ಇದಕ್ಕೆ ಸಿಕ್ಕಿಸಬೇಕು. ಆಮೇಲೆ ಹೊರಗಿನ ಗುಂಡಿ. ಇದನ್ನು ಹಾಕದಿದ್ದರೆ ಒಳಗಿನ ಬಲಭಾಗಕ್ಕೆ ಹಿಡಿತವೇ ಇಲ್ಲ. ನಿಧಾನವಾಗಿ ಜಾರುತ್ತದೆ. ಅರ್ಧ ಗಂಟೆ ಓಡಾಡಿದ ಮೇಲೆ ಕೋಟಿನ ಕೆಳಗೆ ಇನ್ನೊಂದು ಅಂಚು ಇಣುಕುತ್ತದೆ. ನೋಡಿದವರು ಹೊಲಿಗೆ ಕೆಟ್ಟಿದೆ ಅಂದುಕೊಳ್ಳುತ್ತಾರೆ. ಪಾಪ, ಟೈಲರ್ ತಪ್ಪೇನೂ ಇರುವುದಿಲ್ಲ!

ನಮ್ಮ ಹಳೆಯ ಕಸೆ ಅಂಗಿ ನೆನಪಾಗುತ್ತಾ? ಅದರಲ್ಲೂ ಒಂದು ಮಗ್ಗುಲು ಇನ್ನೊಂದರ ಮೇಲೆ ಹಾಯುತ್ತದೆ. ಒಳಗಿನ ಕಸೆ ಮೊದಲು ಕಟ್ಟಬೇಕು, ಆಮೇಲೆ ಹೊರಗಿನದು. ಒಳಗಿನದನ್ನು ಬಿಟ್ಟರೆ ಅಂಗಿ ಸೊಟ್ಟಕ್ಕೆ ನೇತಾಡುತ್ತದೆ. ಗಿಡ್ಡ ದಾರದ ಜಾಗದಲ್ಲಿ ಇಲ್ಲಿ ಗುಂಡಿ, ಅಷ್ಟೇ ವ್ಯತ್ಯಾಸ.

ಈ ಗುಂಡಿಯನ್ನು ಹೊಲಿಯುವುದರಲ್ಲೂ ಒಂದು ಕೈಚಳಕ ಇದೆ. ಬಟ್ಟೆಗೆ ಅಂಟಿಸಿದ ಹಾಗೆ ಬಿಗಿಯಾಗಿ ಹೊಲಿಯಬಾರದು. ದಾರದ ಕುತ್ತಿಗೆ ಸ್ವಲ್ಪ ಉದ್ದ ಬಿಡಬೇಕು, ಗುಂಡಿ ಅಲ್ಲಾಡುತ್ತಿರಬೇಕು. ಬಿಗಿಯಾದರೆ ಹೊರಗಿನ ಬಟ್ಟೆಯಲ್ಲಿ ಚಿಕ್ಕ ಗುಳಿ ಬೀಳುತ್ತದೆ. ಅಂಗಡಿಯಲ್ಲಿ ಕೋಟು ಕೈಗೆ ಸಿಕ್ಕಾಗ ನಾನು ಬಟ್ಟೆಗೂ ಮೊದಲು ನೋಡುವುದು ಇದನ್ನೇ. ಬಾಡಿಗೆ ಕೋಟಾದರೆ ಇದು ಇದೆಯೋ ಇಲ್ಲವೋ ಅಂತ ತಪ್ಪದೇ ನೋಡಿ. ಇಲ್ಲದಿದ್ದರೆ ಅಲ್ಲೇ ಹೊಲಿಸಿಕೊಳ್ಳಿ.

ಸರಿ, ಆ ಒಂದು ಸಾಲಿನ ಉತ್ತರ: 6×2 ಕೋಟಿನಲ್ಲಿ ನಡುವಿನ ಗುಂಡಿ ಹಾಕಿ, ಕೆಳಗಿನದನ್ನು ಬಿಡಿ. ನಿಂತಾಗಲೂ ಕೂತಾಗಲೂ ಹಾಕಿಯೇ ಇರಲಿ. ಮಾಮೂಲಿ ಕೋಟನ್ನು ಕೂರುವಾಗ ಬಿಚ್ಚುತ್ತೇವಲ್ಲ, ಇದನ್ನು ಬಿಚ್ಚಿದರೆ ಎರಡೂ ಕಡೆ ಬಟ್ಟೆ ಜೋಲು ಬೀಳುತ್ತದೆ. ಇದು ಮುಚ್ಚಿಕೊಂಡೇ ಇರಲು ಕತ್ತರಿಸಿದ ಕೋಟು.

ನಿಯಮ ಮುರಿದವರೂ ಇದ್ದಾರೆ, ಅದೂ ಅರಮನೆಯವರು! ಬ್ರಿಟನ್ನಿನ ಐದನೇ ಜಾರ್ಜ್ ದೊರೆಯ ಮಗ, ಡ್ಯೂಕ್ ಆಫ್ ಕೆಂಟ್ ಆಗಿದ್ದ ಜಾರ್ಜ್, ನಡುವಿನದು ಬಿಟ್ಟು ಕೆಳಗಿನ ಗುಂಡಿಯನ್ನೇ ಹಾಕುತ್ತಿದ್ದ. ಲ್ಯಾಪೆಲ್ ಸೊಂಟದಿಂದಾಚೆಗೂ ಉದ್ದಕ್ಕೆ ಮಡಚಿಕೊಂಡು ಇಳಿಯುತ್ತಿತ್ತು. 1930ರ ದಶಕದಲ್ಲಿ ಆ ಶೈಲಿ ಜನಪ್ರಿಯವಾಯಿತು. ಇವತ್ತಿಗೂ ಅದಕ್ಕೆ ಕೆಂಟ್ ಅಂತಲೇ ಹೆಸರು. ಆ ಉದ್ದನೆಯ ಓರೆ ಗೆರೆಯಿಂದ ಎತ್ತರ ಕಡಿಮೆ ಇರುವವರೂ ಸ್ವಲ್ಪ ಉದ್ದ ಕಾಣುತ್ತಾರೆ. ಆದರೆ ಕೋಟಿನ ಲ್ಯಾಪೆಲ್ ಹಾಗೆ ಮಡಚಿಕೊಳ್ಳುವಂತೆ ಹೊಲಿದಿರಬೇಕು. ಎದೆಯ ಹತ್ತಿರ ಗಟ್ಟಿಯಾಗಿ ಇಸ್ತ್ರಿ ಕೂತ ಕೋಟಿನಲ್ಲಿ ಸುಮ್ನೆ ಕೆಳಗಿನ ಗುಂಡಿ ಹಾಕಿದರೆ ಬಟ್ಟೆ ಉಬ್ಬುತ್ತದೆ.

1942ರ ಆಗಸ್ಟ್‌ನಲ್ಲಿ ಅವನು ಸ್ಕಾಟ್ಲೆಂಡಿನಲ್ಲಿ ವಿಮಾನ ಅಪಘಾತದಲ್ಲಿ ತೀರಿಕೊಂಡ. ಅದೇ ವರ್ಷ ಬ್ರಿಟಿಷ್ ಸರ್ಕಾರ ಹೊಸ ಡಬಲ್ ಬ್ರೆಸ್ಟ್ ಸೂಟ್ ಹೊಲಿಯುವುದನ್ನೇ ನಿಷೇಧಿಸಿತ್ತು. ಯುದ್ಧಕಾಲ, ಬಟ್ಟೆಗೆ ರೇಷನ್. ಒಂದರ ಮೇಲೊಂದು ಬಟ್ಟೆ ಹಾಯುವುದು ಪೋಲು ಅಂತ ಲೆಕ್ಕ. ಪ್ಯಾಂಟಿನ ಕೆಳಗಿನ ಮಡಿಕೆ ಕೂಡ ಬೇಡ, ಜೇಬಿಗೂ ಮಿತಿ. ಜನ ಸುಮ್ಮನಿರಲಿಲ್ಲ. ಬೇಕಂತಲೇ ಉದ್ದ ಪ್ಯಾಂಟ್ ಕೊಂಡು ಮನೆಯಲ್ಲಿ ಮಡಚಿ ಹೊಲಿದುಕೊಂಡವರಿದ್ದರು. ನನಗೆ ಈ ಜನ ಬಹಳ ಇಷ್ಟ. ಗಂಡಸರ ಸೂಟಿನ ಈ ಕಟ್ಟುಪಾಡು ಸಡಿಲವಾಗಿದ್ದು 1944ರಲ್ಲಿ.

[ತೆರೆಯ ಮೂಲೆಯಲ್ಲಿ ಗಡಿಯಾರ]

ಟೈಮ್ ಆಗ್ತಿದೆ, ಉಳಿದದ್ದು ಬೇಗ ಬೇಗ.

ಅಳತೆ ಇದರಲ್ಲಿ ನಿಜಕ್ಕೂ ಕಷ್ಟದ ಕೆಲಸ. ಹೊಟ್ಟೆಯ ಹತ್ತಿರ ಬಟ್ಟೆ ಎಳೆದು ಅಡ್ಡ ನೆರಿಗೆ ಬಿದ್ದರೆ ಬಿಗಿ ಅಂತ ಅರ್ಥ. "ಗುಂಡಿ ಒಂಚೂರು ಸರಿಸಿಬಿಡಿ" ಅಂದರೆ ಆಗುವುದಿಲ್ಲ. ಎರಡು ಸಾಲೂ ಎದೆಯ ನಡುಗೆರೆಯಿಂದ ಸಮ ದೂರದಲ್ಲಿ ಇರಬೇಕು. ಒಂದು ಸಾಲು ಸರಿಸಿದರೆ ಇಡೀ ಕೋಟು ಓರೆಯಾಗಿ ಕಾಣುತ್ತದೆ. ಆದ್ದರಿಂದ ಟ್ರಯಲ್‌ಗೆ ಹೋದಾಗ ಊಟ ಮಾಡಿಯೇ ಹೋಗಿ. ಉಸಿರು ಬಿಗಿ ಹಿಡಿದು ನಿಲ್ಲಬೇಡಿ. ಭುಜ ಮೊದಲ ದಿನವೇ ಸರಿ ಇರಬೇಕು, ಅದನ್ನು ಆಮೇಲೆ ತಿದ್ದುವುದು ದುಬಾರಿ.

"ಹೊಟ್ಟೆ ಇರೋರು ಹಾಕಬಾರದು" ಅನ್ನುವುದನ್ನು ನಾನು ಒಪ್ಪಲ್ಲ. ಮಾಮೂಲಿ ಕೋಟಿನಲ್ಲಿ ಗುಂಡಿಯ ಕೆಳಗೆ ಶರ್ಟು, ಟೈ ತುದಿ, ಬೆಲ್ಟು ಎಲ್ಲ ತ್ರಿಕೋನದಲ್ಲಿ ಇಣುಕುತ್ತವೆ. ಇದರಲ್ಲಿ ಅವೆಲ್ಲ ಮುಚ್ಚಿಹೋಗುತ್ತವೆ. ಅಳತೆ ಸರಿ ಇದ್ದರೆ ಹೊಟ್ಟೆ ಇದ್ದವರಿಗೇ ಹೆಚ್ಚು ಒಪ್ಪುತ್ತದೆ. ಒಳಗೆ ವೇಸ್ಟ್‌ಕೋಟ್ ಬೇಡ, ಎದೆಯ ಮೇಲೆ ಆಗಲೇ ಎರಡು ಪದರ ಇದೆ. ಹಿಂದೆ ಎರಡು ಸೀಳು ಇರಲಿ, ಇಲ್ಲವೇ ಸೀಳೇ ಬೇಡ. ನಡುವೆ ಒಂದೇ ಸೀಳು ನನಗೆ ಚೆನ್ನಾಗಿ ಕಾಣಲ್ಲ. ಮೊದಲ ಕೋಟಾದರೆ ಕಡುನೀಲಿ ಅಥವಾ ಬೂದು, ಹೊಳಪಿಲ್ಲದ ಬಟ್ಟೆ. ಸ್ಟೇಜಿನ ಲೈಟಿಗೆ ಮಿನುಗುವ ಪಾಲಿಯೆಸ್ಟರ್ ಬೇಡ, ದಯವಿಟ್ಟು.

ಸೆಕೆ? ಬೆಂಗಳೂರಿನ ಡಿಸೆಂಬರ್‌ನಲ್ಲಿ ತೊಂದರೆಯಿಲ್ಲ. ಮಂಗಳೂರು, ಕಲಬುರಗಿಯ ಮೇ ತಿಂಗಳ ಮದುವೆಯಾದರೆ ತೆಳು ಉಣ್ಣೆ ಅಥವಾ ಲಿನನ್ ತಗೊಳ್ಳಿ. ಲೈನಿಂಗ್ ಅರ್ಧಕ್ಕೇ ಸಾಕು ಅಂತ ಟೈಲರ್‌ಗೆ ಹೇಳಿ. ಫೋಟೋ ಮುಗಿದು ಎಲೆ ಮುಂದೆ ಕೂರುವಾಗ ಕೋಟನ್ನು ಪೂರ್ತಿ ಬಿಚ್ಚಿ ಕುರ್ಚಿಗೆ ಹಾಕಿ. ಬರೀ ಗುಂಡಿ ಬಿಚ್ಚಿ ಕೂತು ಬಾಗಿದಿರೋ, ಎಡಗಡೆ ಅಂಚು ಸೀದಾ ಸಾರಿಗೆ ಬೀಳುತ್ತದೆ.